ಮನೆ ಹೊಕ್ಕ ಕಾಡುಜೀವಿಗೆ ಹೊರದಾರಿ



ಮಳೆ ಹಿಡಿಯಿತೆಂದರೆ ಗೊಬ್ಬರಕ್ಕೋ ಮೈಲುತುತ್ತಕ್ಕೋ ಸಂಘದ ಕಛೇರಿಗೆ ಬರುವವರಲ್ಲಿ ಧಾರಣೆಯ ಮಾತು ಮುಗಿದೊಡನೆ ಇನ್ನೊಂದು ಮಾತು ಏಳುವುದುಂಟು. ಒಬ್ಬರ ಅಟ್ಟದಲ್ಲಿ ರಾತ್ರಿಯಿಡೀ ದಡಬಡ ಸದ್ದು, ಮತ್ತೊಬ್ಬರ ಬಚ್ಚಲಲ್ಲಿ ಹಾವು, ಮಗದೊಬ್ಬರ ಉಗ್ರಾಣದಲ್ಲಿ ಬಾವಲಿ. ಎಲ್ಲರ ಪ್ರಶ್ನೆಯೂ ಒಂದೇ: ಇವನ್ನು ನಿವಾರಿಸುವುದು ಹೇಗೆ? ಕೊಲ್ಲಲು ಮನಸ್ಸಿಲ್ಲ, ಬಿಡಲು ಧೈರ್ಯವಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸವಾಗಬೇಕೆಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಪಾಲಿಸಲು ಸಾಧ್ಯವಿದೆ. ಆ ಕ್ರಮವನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಕ್ರಮವೆಂದರೆ ಮೂರೇ ಹೆಜ್ಜೆ. ಮೊದಲು ಜನರನ್ನು ದೂರ ಸರಿಸುವುದು. ಆಮೇಲೆ ಜೀವಿಗೆ ಹೊರಡಲು ದಾರಿಯನ್ನೂ ಹೊತ್ತನ್ನೂ ಕೊಡುವುದು. ಅದು ಹೋದ ಮೇಲೆ ಬಂದ ಕಿಂಡಿಯನ್ನು ಮುಚ್ಚುವುದು. ಜನ, ಜೀವಿ, ಕಿಂಡಿ, ಹೀಗೆ ನೆನಪಿಟ್ಟುಕೊಂಡರೆ ಸಾಕು. ಅನರ್ಥಗಳೆಲ್ಲ ಆಗುವುದು ಈ ಕ್ರಮ ತಲೆಕೆಳಗಾದಾಗ, ಅಂದರೆ ಜನ ಗುಂಪುಗೂಡಿ, ಜೀವಿಯನ್ನು ಮೂಲೆಗೊತ್ತಿ, ಕಿಂಡಿಯನ್ನು ಹಾಗೆಯೇ ಬಿಟ್ಟಾಗ.

ಏತಕ್ಕೆ ಬರುತ್ತವೆ?

ಕಾಡುಜೀವಿ ನಮ್ಮ ಮನೆಗೆ ಬರುವುದು ನಮ್ಮನ್ನು ಹುಡುಕಿಕೊಂಡಲ್ಲ. ನೆರಳು ಮರದಡಿಯ ಕಾಫಿ ತೋಟವಾಗಲಿ, ಕಣಿವೆಯ ಅಡಿಕೆ ತೋಟವಾಗಲಿ, ಅವುಗಳ ಪಾಲಿಗೆ ಕಾಡಿನ ಮುಂದುವರಿಕೆಯೇ. ಹೆಂಚಿನ ಮನೆಯ ಅಟ್ಟವೆಂದರೆ ಮಳೆ ಬೀಳದ ದೊಡ್ಡ ಮರದ ಪೊಟರೆ. ಗೋಡೆಗೆ ಒರಗಿಸಿದ ಸೌದೆ ರಾಶಿ, ಅಡಿಕೆ ಸಿಪ್ಪೆಯ ಗುಡ್ಡೆ, ಹಳೆಯ ಗೋಣಿಗಳ ಕಟ್ಟು ಇವೆಲ್ಲ ಇಲಿಗಳ ಬಿಡಾರ. ಇಲಿಯನ್ನು ಹಿಂಬಾಲಿಸಿ ಕೇರೆ, ನಾಗರ. ಕೇರೆಯನ್ನು ಹಿಂಬಾಲಿಸಿ ಕಾಳಿಂಗ. ಈ ಸರಪಣಿಯ ಕೊನೆಯ ಕೊಂಡಿಯನ್ನು ಬಡಿದು ಹಾಕಿದರೆ ಮೊದಲ ಕೊಂಡಿ ಹಾಗೆಯೇ ಉಳಿಯುತ್ತದೆ. ತೆರವಾದ ಜಾಗಕ್ಕೆ ಮುಂದಿನ ವಾರ ಮತ್ತೊಂದು ಬರುತ್ತದೆ.

ಅಟ್ಟದ ಅತಿಥಿ

ರಾತ್ರಿ ಅಟ್ಟದಲ್ಲಿ ಭಾರವಾದ ಹೆಜ್ಜೆ ಸದ್ದು ಕೇಳಿದರೆ ಬಹುಪಾಲು ಅದು ಕಬ್ಬೆಕ್ಕು. ಕೆಲವೆಡೆ ಮರಬೆಕ್ಕು ಎನ್ನುವರು. ಕಾಫಿ ಹಣ್ಣು ತಿಂದು ಬೀಜವನ್ನು ಇಡಿಯಾಗಿ ಹಿಕ್ಕೆಯಲ್ಲಿ ಬಿಡುವ ಪ್ರಾಣಿ ಇದೇ. ಹಣ್ಣಿನ ಜೊತೆಗೆ ಇಲಿ, ಹುಳುಗಳನ್ನೂ ತಿನ್ನುತ್ತದೆ. ಹಗಲೆಲ್ಲ ಮಲಗಿದ್ದು ಕತ್ತಲಾದ ಮೇಲೆ ಹೊರಡುವುದು ಇದರ ಸ್ವಭಾವ. ಆದುದರಿಂದ ಹಗಲಿನಲ್ಲಿ ಕೋಲು ಹಿಡಿದು ಅಟ್ಟ ಹತ್ತುವುದರಿಂದ ಪ್ರಯೋಜನವಿಲ್ಲ. ಕಚ್ಚಿಸಿಕೊಳ್ಳುವ ಸಂಭವವೇ ಹೆಚ್ಚು.

ಮೊದಲು ಅದು ಬರುವ ಸಂದನ್ನು ಪತ್ತೆ ಮಾಡಿ. ಅಲ್ಲೊಂದು ಹಲಗೆಯಿಟ್ಟು ತೆಳುವಾಗಿ ಬೂದಿ ಹರಡಿ. ಬೆಳಿಗ್ಗೆ ಹೆಜ್ಜೆ ಗುರುತು ನೋಡಿದರೆ ಯಾವ ದಾರಿಯಿಂದ ಹೋಗಿ ಬರುತ್ತಿದೆ ಎಂಬುದು ತಿಳಿಯುತ್ತದೆ. ಎರಡನೆಯದಾಗಿ, ಮರಿಗಳಿವೆಯೇ ಎಂದು ಕಿವಿಗೊಡಿ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ಐದು ಮರಿ ಹಾಕುತ್ತದೆ. ತಾಯಿ ಹೊರಗೆ ಹೋದ ಹೊತ್ತು ನೋಡಿ ಸಂದು ಮುಚ್ಚಿದಿರೋ, ಮರಿಗಳು ಒಳಗೆ ಹಸಿದು ಸಾಯುತ್ತವೆ, ತಾಯಿ ಹೆಂಚು ಕಿತ್ತು ಒಳನುಗ್ಗಲು ನೋಡುತ್ತದೆ, ಮನೆಯವರಿಗೆ ವಾರಗಟ್ಟಲೆ ದುರ್ವಾಸನೆ. ಮರಿಗಳಿದ್ದರೆ ಒಂದೆರಡು ತಿಂಗಳು ಸೈರಿಸಿ. ಬಲಿತ ಮೇಲೆ ತಾಯಿಯ ಹಿಂದೆ ತಾವಾಗಿಯೇ ಹೊರಬೀಳುತ್ತವೆ. ಮರಿಗಳಿಲ್ಲವೆಂದು ಖಚಿತವಾದರೆ ಅಟ್ಟದಲ್ಲಿ ಎರಡು ಮೂರು ದಿನ ದೀಪ ಉರಿಸಿ, ಹಗಲು ರೇಡಿಯೋ ಹಾಕಿಡಿ. ಬೆಳಕು, ಸದ್ದು ಅದಕ್ಕೆ ಹಿಡಿಸುವುದಿಲ್ಲ. ಬೂದಿಯ ಮೇಲೆ ಮೂರು ರಾತ್ರಿ ಸತತವಾಗಿ ಹೆಜ್ಜೆ ಮೂಡದಿದ್ದರೆ ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿಬಲೆಯಿಂದ ಸಂದನ್ನು ಭದ್ರಪಡಿಸಿ. ಸೂರಿಗೆ ತಾಗುವ ಕೊಂಬೆಗಳನ್ನೂ ಕಡಿಸತಕ್ಕದ್ದು.

ಬಾವಲಿಗೆ ಇನ್ನೂ ಸುಲಭ ಉಪಾಯ. ಕೋಣೆಯೊಳಗೆ ದಾರಿತಪ್ಪಿ ಸುತ್ತುತ್ತಿದ್ದರೆ ಒಳಬಾಗಿಲು ಮುಚ್ಚಿ, ದೀಪ ಆರಿಸಿ, ಕಿಟಕಿಗಳನ್ನು ಪೂರಾ ತೆರೆದು ಎಲ್ಲರೂ ಹೊರಗೆ ಬನ್ನಿ. ಸ್ವಲ್ಪ ಹೊತ್ತಿನಲ್ಲಿ ಅದೇ ದಾರಿ ಕಂಡುಕೊಳ್ಳುತ್ತದೆ. ಬಿದ್ದುಕೊಂಡಿದ್ದರೆ ಬರಿಗೈಯಲ್ಲಿ ಮುಟ್ಟಬಾರದು. ದಪ್ಪ ಬಟ್ಟೆಯಿಂದ ಎತ್ತಿ ಮರದ ಕವಲಿನಲ್ಲಿ ಇಡಬಹುದು. 2018ರಲ್ಲಿ ಕೋಳಿಕ್ಕೋಡ್ ಕಡೆ ನಿಪಾ ಜ್ವರ ಕಾಣಿಸಿಕೊಂಡಂದಿನಿಂದ ಬಾವಲಿಯನ್ನು ಕಂಡರೆ ಹೊಡೆದುರುಳಿಸುವ ಆತುರ ಕೆಲವರಲ್ಲಿದೆ. ಆ ರೋಗಾಣುವಿನ ಸಹಜ ನೆಲೆ ಹಣ್ಣು ತಿನ್ನುವ ದೊಡ್ಡ ಬಾವಲಿಗಳೆಂಬುದು ನಿಜ. ಆದರೆ ಅವನ್ನು ಕೆಣಕಿ ಚದುರಿಸುವುದರಿಂದ ರಕ್ಷಣೆ ಸಿಗದು. ಬಾವಲಿ ಕಚ್ಚಿದ ಹಣ್ಣು ತಿನ್ನದಿರುವುದು, ಚೀಪಿ ಉದುರಿಸಿದ ಅಡಿಕೆಯನ್ನು ಕೈಗವಸು ಹಾಕಿ ಆಯುವುದು, ಆಮೇಲೆ ಸಾಬೂನಿನಿಂದ ಕೈ ತೊಳೆಯುವುದು ರಕ್ಷಣೆಯ ದಾರಿ.

ಬಾವಲಿಯಾಗಲಿ, ಕಬ್ಬೆಕ್ಕಾಗಲಿ, ಮಂಗವಾಗಲಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಹುಚ್ಚುರೋಗದ ಚುಚ್ಚುಮದ್ದಿಗೆ ನಾಳೆ ಎಂಬುದಿಲ್ಲ.

ಹಾವು ಒಳಬಂದಾಗ

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58 ಸಾವಿರ. ಇದನ್ನು ತಿಳಿದೂ ಹಾವನ್ನು ಕೊಲ್ಲಬೇಡಿ ಎನ್ನುವುದು ಬರಿಯ ದಯೆಯ ಮಾತಲ್ಲ. ಹೊಡೆಯಲು ಹೋದವನು ಹಾವಿನ ಅಳತೆಯೊಳಗೆ ಹೋಗಲೇಬೇಕಾಗುತ್ತದೆ. ಹತ್ತು ಅಡಿ ದೂರ ನಿಂತವನನ್ನು ಹಾವು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಹಾವು ಹಗೆಯಿಟ್ಟುಕೊಂಡು ಮರಳುತ್ತದೆಂಬುದೂ ಕಟ್ಟುಕಥೆಯೇ ಸರಿ.

ಹಾವು ಕಂಡೊಡನೆ ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳಿಸಿ. ಒಳಕೋಣೆಗಳ ಬಾಗಿಲು ಹಾಕಿ, ಅಡಿಯ ಸಂದಿಗೆ ಒದ್ದೆ ಗೋಣಿ ತುರುಕಿ. ಹೊರಬಾಗಿಲು ತೆರೆದಿಡಿ. ದೊಡ್ಡವರೊಬ್ಬರು ಮಾತ್ರ ದೂರದಲ್ಲಿ ನಿಂತು ಅದು ಎಲ್ಲಿಗೆ ಹೋಯಿತೆಂದು ಕಣ್ಣಿಟ್ಟಿರಲಿ. ಬಹಳ ಸಲ ಅದು ತಾನಾಗಿಯೇ ಹೊರಟುಹೋಗುತ್ತದೆ. ಸಂದಿಯಲ್ಲಿ ಸೇರಿಕೊಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಕಛೇರಿಗೆ ತಿಳಿಸಿ. ಸೀಮೆಎಣ್ಣೆ, ಫಿನಾಯಿಲು ಎರಚಬಾರದು. ಅದರಿಂದ ಹಾವು ಗಾಬರಿಯಾಗಿ ಎತ್ತ ನುಗ್ಗುವುದೋ ಹೇಳಲಾಗದು. ವಿಷವಿಲ್ಲದ ತೋಳಹಾವಿಗೂ ಕಡುವಿಷದ ಕಟ್ಟುಹಾವಿಗೂ ಮೇಲುನೋಟಕ್ಕೆ ವ್ಯತ್ಯಾಸ ತಿಳಿಯುವುದು ಕಷ್ಟ. ಆದುದರಿಂದ ತಮಗೆ ಗೊತ್ತಿದೆಯೆಂದು ಯಾರೂ ಕೈಹಾಕಕೂಡದು. ಹಿಡಿಯಲು ಬಂದವರು ಹಾವನ್ನು ಎತ್ತಿ ಆಡಿಸಿ ಚಿತ್ರ ತೆಗೆಸಿಕೊಳ್ಳುವುದಕ್ಕೂ ಅವಕಾಶ ಕೊಡಬಾರದು.

ಕಾಳಿಂಗ ಸರ್ಪದ ವಿಷಯದಲ್ಲಿ ಒಂದು ಮಾತು. ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯದೇ ಪ್ರಭೇದವೆಂದು 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ವಿವರಿಸಿ, ನಮ್ಮ ಕನ್ನಡದ ಕಾಳಿಂಗವೆಂಬ ಹೆಸರನ್ನೇ ಅದರ ಶಾಸ್ತ್ರೀಯ ನಾಮಕ್ಕೂ ಸೇರಿಸಿದ್ದಾರೆ. ಹಾವುಗಳನ್ನೇ ತಿನ್ನುವ ಈ ಹಾವು ಮನೆಗೆ ಬರುವುದು ಬಹುಶಃ ಕೇರೆಯನ್ನೋ ನಾಗರವನ್ನೋ ಅರಸಿ. ಇದನ್ನು ಹಿಡಿಸಿ ಹತ್ತಾರು ಮೈಲಿ ದೂರದ ಕಾಡಿಗೆ ಬಿಟ್ಟುಬರಬೇಕೆಂಬುದು ಅನೇಕರ ಒತ್ತಾಯ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೋ ಸಾಧನ ಅಳವಡಿಸಿ ಚಲನವಲನ ನೋಡಿದವರಿಗೆ ತಿಳಿದುಬಂದದ್ದೆಂದರೆ, ದೂರ ಒಯ್ದುಬಿಟ್ಟ ಹಾವು ಗುರುತಿಲ್ಲದ ಜಾಗದಲ್ಲಿ ನೆಲೆಗಾಣದೆ ಅಲೆಯುತ್ತದೆ. ಅಲೆಯುವ ಹಾವು ಇನ್ನೊಬ್ಬರ ಮನೆ ಹೊಕ್ಕೀತು. ಹಿಡಿಯಲೇಬೇಕಾದರೆ ಇಲಾಖೆಯವರ ಮೂಲಕ ಹಿಡಿಸಿ, ಸಮೀಪದ ಕಾಡಂಚಿನಲ್ಲಿಯೇ ಬಿಡಿಸುವುದು ಲೇಸು.

ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗಕ್ಕೆ ದಬ್ಬೆ ಕಟ್ಟಿ ಅಲುಗದಂತೆ ಮಾಡಿ, 108ಕ್ಕೆ ಕರೆ ಮಾಡಿ. ಹಾವನ್ನು ಕೊಂದು ಆಸ್ಪತ್ರೆಗೆ ಹೊತ್ತೊಯ್ಯುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಟ್ಟಾಗಿ ತಯಾರಾದದ್ದು. ಕಾಳಿಂಗದ ವಿಷಕ್ಕೆ ಅದು ತಯಾರಾದದ್ದಲ್ಲ ಎಂಬುದೇ ಅದನ್ನು ಕೆಣಕದಿರಲು ದೊಡ್ಡ ಕಾರಣ. ತಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವೂ ಉಸಿರಾಟದ ಯಂತ್ರವೂ ಇದೆ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ಮಳೆಗಾಲಕ್ಕೆ ಮುನ್ನವೇ ವಿಚಾರಿಸಿಟ್ಟುಕೊಳ್ಳಬೇಕು. 2024ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡತಕ್ಕದ್ದೆಂದು ಗೊತ್ತುಪಡಿಸಿದೆ. ಲೆಕ್ಕ ಸರಿಯಿದ್ದರೆ ಔಷಧಿಯೂ ಬೇಕಾದ ಕಡೆಗೆ ಬಂದೀತು.

ದೊಡ್ಡ ಪ್ರಾಣಿ ಬಂದರೆ

ಚಿರತೆ ಮನೆಯೊಳಗೆ ಸೇರಿಕೊಳ್ಳುವುದು ಅಪರೂಪ, ಆದರೂ ನಡೆಯುತ್ತದೆ. 2021ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ಬಿಳಿನೆಲೆಯಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ನಾಯಿಯ ಸಮೇತ ಒಂದು ಮನೆಯ ಶೌಚಾಲಯದಲ್ಲಿ ಸಿಕ್ಕಿಕೊಂಡಿತು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಗಂಟೆಗಟ್ಟಲೆ ಎರಡೂ ಒಂದೇ ಕೋಣೆಯಲ್ಲಿದ್ದರೂ ಚಿರತೆ ನಾಯಿಯನ್ನು ಮುಟ್ಟಲಿಲ್ಲ. ಕೊನೆಗೆ ಇಲಾಖೆಯವರ ಕೈಗೂ ಸಿಗದೆ ಚಿರತೆ ತಪ್ಪಿಸಿಕೊಂಡಿತು, ನಾಯಿ ಜೀವಂತವಾಗಿ ಹೊರಬಂತು. ಸಿಕ್ಕಿಬಿದ್ದ ಪ್ರಾಣಿಗೆ ಬೇಟೆಯ ನೆನಪಿರುವುದಿಲ್ಲ, ತಪ್ಪಿಸಿಕೊಳ್ಳುವುದೊಂದೇ ಚಿಂತೆ. ಅದರ ದಾರಿಗೆ ಅಡ್ಡ ನಿಂತವರಿಗೆ ಅಪಾಯ. ಆದುದರಿಂದ ಬಾಗಿಲು ಭದ್ರಪಡಿಸಿ, ಜನ ನೆರೆಯದಂತೆ ನೋಡಿಕೊಂಡು, ಇಲಾಖೆಗೆ ತಿಳಿಸಿ ಸುಮ್ಮನಿರುವುದೇ ಶೂರತನ. ಉಡ ಬಂದರೆ ಇಷ್ಟು ಸಿದ್ಧತೆ ಬೇಡ. ಬಾಗಿಲು ತೆರೆದಿಟ್ಟು ಪಕ್ಕಕ್ಕೆ ಸರಿದರೆ ಸಾಕು.

ಇಲಿ ಪಾಷಾಣ ಮತ್ತು ಅಂಟುಹಲಗೆ

ಇಲಿಗಳನ್ನು ಕಡಿಮೆ ಮಾಡಲೇಬೇಕು, ಆದರೆ ಮಾಡುವ ರೀತಿ ಮುಖ್ಯ. ಬ್ರೋಮಾಡಯೋಲೋನ್ ಬಗೆಯ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡಿಕೊಂಡಿರುತ್ತದೆ. ಅದನ್ನು ಸುಲಭವಾಗಿ ಹಿಡಿದು ತಿಂದ ಗೂಬೆ, ಕಬ್ಬೆಕ್ಕು, ಮನೆಯ ಬೆಕ್ಕುಗಳಿಗೂ ವಿಷ ಏರುತ್ತದೆ. ಇಲಿ ಹಿಡಿಯುವ ಆಳುಗಳನ್ನೇ ನಾವು ಕೊಂದಂತಾಯಿತು. ಅಂಟುಹಲಗೆಯಂತೂ ಕ್ರೂರವಾದದ್ದು, ಇಲಿಯೊಡನೆ ಹಲ್ಲಿ, ಕೇರೆಮರಿಗಳೂ ಅಂಟಿಕೊಂಡು ನರಳುತ್ತವೆ. ಹಾಗೆ ಅಂಟಿದ ಹಲ್ಲಿಯನ್ನು ಕೊಬ್ಬರಿ ಎಣ್ಣೆ ಸವರಿ ನಿಧಾನವಾಗಿ ಬಿಡಿಸಬಹುದು. ಧಾನ್ಯ, ನಾಯಿಯ ಊಟ, ಕೋಳಿ ಆಹಾರಗಳನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಸೌದೆಯನ್ನು ಗೋಡೆಯಿಂದ ದೂರ, ನೆಲದಿಂದ ಒಂದಡಿ ಮೇಲೆ ಪೇರಿಸಿದರೆ ಇಲಿಗಳು ತಾವಾಗಿಯೇ ಕಡಿಮೆಯಾಗುತ್ತವೆ. ಉಳಿದವಕ್ಕೆ ಬೋನು ಸಾಕು.

ಕಾನೂನಿನ ಮಾತು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಒಡ್ಡುವುದು ಸಹ ಬೇಟೆಯೇ. 2022ರಲ್ಲಿ ಅಂಗೀಕಾರವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಸಾಮಾನ್ಯ ಅಪರಾಧಗಳ ದಂಡದ ಮಿತಿಯನ್ನು 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿಸಿದೆ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲವೆಂದು ಕಾಯಿದೆಯೇ ಹೇಳುತ್ತದೆ. ಆದರೆ ಹೊರಬಾಗಿಲ ಕಡೆ ಹರಿಯುತ್ತಿದ್ದ ಹಾವನ್ನು ಅಡ್ಡಗಟ್ಟಿ ಬಡಿದದ್ದು ಪ್ರಾಣರಕ್ಷಣೆ ಎನಿಸಿಕೊಳ್ಳದು.

ಲೈನ್ ಮನೆಗಳ ಕಡೆಗೆ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಬಂಗಲೆಗೆ ತಂತಿಬಲೆ, ಗಟ್ಟಿ ಬಾಗಿಲು, ಮಂಚ ಎಲ್ಲವೂ ಇವೆ. ಕಾರ್ಮಿಕರ ಲೈನ್ ಮನೆಗಳಲ್ಲಿ ಮಕ್ಕಳು ನೆಲದ ಮೇಲೆ ಮಲಗುತ್ತಾರೆ. ಕಟ್ಟುಹಾವು ಸಂಚರಿಸುವುದು ರಾತ್ರಿಯ ಹೊತ್ತು. ಅದರ ಕಡಿತ ಎಷ್ಟೋ ಸಲ ನೋಯುವುದೂ ಇಲ್ಲ, ಗುರುತೂ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಏಳುವ ಮಗುವಿಗೆ ರೆಪ್ಪೆ ಜೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ ಕಷಾಯ ಕುಡಿಸುತ್ತ ಕೂರದೆ ಜೀಪು ಹೊರಡಿಸಬೇಕು. ಹೀಗಿರುವಾಗ ಹಾವು ಹೊಡೆದ ಕಾರ್ಮಿಕನನ್ನು ಗದರಿಸುವುದು ಸುಲಭ, ಅವನ ಮನೆಯ ಕಿಂಡಿ ಮುಚ್ಚಿಸಿಕೊಡುವುದು ನ್ಯಾಯ. ಬಾಗಿಲಡಿಯ ಸಂದಿಗೆ ಒಂದು ಪಟ್ಟಿ, ಬಚ್ಚಲ ತೂತಿಗೆ ಕಾಲಂಗುಲ ಕಣ್ಣಿನ ಬಲೆ, ಹಾಸಿಗೆಯಡಿಗೆ ಸೇರಿಸಿ ಕಟ್ಟುವ ಸೊಳ್ಳೆಪರದೆ, ಅಂಗಳಕ್ಕೊಂದು ದೀಪ, ಮನೆಗೊಂದು ಟಾರ್ಚು. ಒಂದು ಮೂಟೆ ಗೊಬ್ಬರದ ಲೆಕ್ಕದಲ್ಲಿ ಯೋಚಿಸುವ ನಮಗೆ ಇದು ದೊಡ್ಡ ಖರ್ಚಲ್ಲ. ದಯೆಯೆಂಬುದು ಹಾವಿಗೂ ಸಲ್ಲಬೇಕು, ಹಾವಿನ ಭಯದಲ್ಲಿ ಮಲಗುವವರಿಗೂ ಸಲ್ಲಬೇಕು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ.

ಸದಸ್ಯರು ಕೊಯ್ಲಿನ ಗಡಿಬಿಡಿ ತೊಡಗುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು, ಮೊದಲು ಲೈನ್ ಮನೆಗಳನ್ನೂ ಆಮೇಲೆ ತಮ್ಮ ಮನೆಯನ್ನೂ ಒಂದು ಸುತ್ತು ಹಾಕಿ ಕಿಂಡಿಗಳ ಪಟ್ಟಿ ಮಾಡಬೇಕಾಗಿ ವಿನಂತಿಸುತ್ತೇವೆ.