ಕನ್ನಡ ತೋರಿಸಿದ ಕಾರ್ಡಿನ ಜೀರ್ಣೋದ್ಧಾರ

ಹಳೆಯ ಗುಡಿಯ ಗೋಡೆ ಬಿರಿದರೆ ಊರ ಹಿರಿಯರು ಕೂಡಿ ಅದರ ಜೀರ್ಣೋದ್ಧಾರಕ್ಕೆ ತೊಡಗುವದು ನಮ್ಮ ನಾಡಿನ ವಾಡಿಕೆಯಾಗಿದೆ. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದಲ್ಲಿಯ ಶಾಸನಗಳ ಒಂದು ಅಕ್ಷರ ಅಳಿಸಿದರೂ ವಿದ್ವಾಂಸರು ಮರುಗುವರು. ಅದು ಯೋಗ್ಯವೇ ಸರಿ. ಕಲ್ಲಿನಿಂದ ಓಲೆಗರಿಗೂ, ಓಲೆಗರಿಯಿಂದ ಅಚ್ಚಿನ ಮೊಳೆಗೂ ನಡೆದು ಬಂದ ಕನ್ನಡದ ಅಕ್ಷರವು ಗಣಕಯಂತ್ರದ ಪರದೆಯ ಮೇಲೆ ಕಾಲಿಟ್ಟುದಾದರೋ ನಮ್ಮ ಕಣ್ಣೆದುರಿನಲ್ಲಿಯೇ ನಡೆದ ಸಂಗತಿ. ಆ ಕಾರ್ಯಕ್ಕೆ ಸಾಧನವಾದ ವಸ್ತುಗಳಲ್ಲಿ ಮುಖ್ಯವಾದ ಜಿಸ್ಟ್ ಕಾರ್ಡಿನ ಹೆಸರನ್ನು ಬಲ್ಲವರು ಇಂದು ವಿರಳ. ಅದು ಕೆಟ್ಟು ಬಿದ್ದರೆ ದುರಸ್ತಿ ಮಾಡಬಲ್ಲವರು ಇನ್ನೂ ವಿರಳ. ಈ ಎರಡು ಕೊರತೆಗಳ ಕಡೆಗೆ ವಾಚಕರ, ವಿಶೇಷವಾಗಿ ಅಧಿಕಾರಿವರ್ಗದ, ಲಕ್ಷ್ಯವನ್ನು ಸೆಳೆಯಬಯಸುತ್ತೇವೆ.

ಜಿಸ್ಟ್ ಕಾರ್ಡೆಂದರೇನು? 1981ರಲ್ಲಿ ಐಬಿಎಂ ಕಂಪನಿಯು ಹೊರತಂದ ಪಿ.ಸಿ. ಎಂಬ ಗಣಕಯಂತ್ರದ ಪರದೆಯನ್ನು, ಅಕ್ಷರಗಳ ಮಟ್ಟಿಗೆ, ಒಂದು ಜಮಖಾನೆಗೆ ಹೋಲಿಸಬಹುದು. ನವಲಗುಂದದ ನೇಕಾರ್ತಿಯು ಎಳೆಯೆಣಿಸಿ ಬಣ್ಣ ತುಂಬುವಂತೆ, ಯಂತ್ರದೊಳಗಿನ ಗ್ರಾಫಿಕ್ಸ್ ಕಾರ್ಡು ಅಡ್ಡಕ್ಕೆ 80, ಉದ್ದಕ್ಕೆ 25, ಹೀಗೆ 2,000 ಮನೆಗಳನ್ನು ಮಾಡಿ ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರವನ್ನು ಚುಕ್ಕಿಗಳಿಂದ ಮೂಡಿಸುವದು. ರೋಮನ್ ಲಿಪಿಗೆ ಈ ಏರ್ಪಾಡು ಸಾಕು, ಕನ್ನಡಕ್ಕೆ ಸಾಲದು. ನಮ್ಮ ಅಕ್ಷರದ ಕೆಳಗೆ ಒತ್ತು ಬರುವದು, ಪಕ್ಕದಲ್ಲಿ ಕೊಂಬು ಬರುವದು, ತಲೆಕಟ್ಟು ಬದಲಾಗುವದು. "ಸ್ತ್ರೀ" ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಒಂದು ಸ್ವರವೂ ಅಡಗಿರುತ್ತವೆ.

ಈ ತೊಡಕನ್ನು ಬಿಡಿಸುವ ಪ್ರಯತ್ನವು ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ನಡೆಯಿತು. ಶ್ರೀ ಮೋಹನ ತಾಂಬೆ ಮೊದಲಾದ ತಂತ್ರಜ್ಞರ ಶ್ರಮದಿಂದ ರೂಪುಗೊಂಡ ಈ ವಿದ್ಯೆಯು, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದು, ಜಿಸ್ಟ್ ಕಾರ್ಡೆಂಬ ಹೆಸರಿನಿಂದ ಬಳಕೆಗೆ ಬಂದಿತು. ಅದನ್ನು ಪಿ.ಸಿ.ಯ ಒಳಗಿನ ಸ್ಲಾಟಿನಲ್ಲಿ ಕೂಡಿಸಿದರೆ, ಇಂಗ್ಲಿಷಿಗೆಂದೇ ಬರೆದ ವರ್ಡ್‌ಸ್ಟಾರ್, ಡಿಬೇಸ್ ಮೊದಲಾದ ಪ್ರೋಗ್ರಾಮುಗಳಲ್ಲಿಯೂ ಕನ್ನಡವನ್ನು ಬೆರಳಚ್ಚಿಸಿ ಓದಬಹುದಾಯಿತು. ಅಕ್ಷರಗಳಿಗೆ ಅದು ಬಳಸಿದ ಇಸ್ಕಿ ಎಂಬ ಸಂಕೇತಕ್ರಮವು 1991ರಲ್ಲಿ ಭಾರತೀಯ ಮಾನಕವಾಯಿತು. ಇಂದು ಫೋನುಗಳಲ್ಲಿ ಕನ್ನಡವನ್ನು ಹೊತ್ತಿರುವ ಯೂನಿಕೋಡಿನ ಕನ್ನಡ ವಿಭಾಗವು ಇಸ್ಕಿಯ 1988ರ ಕ್ರಮವನ್ನೇ ಅನುಸರಿಸಿ ರಚಿತವಾಗಿದೆ. ಕುಂದಗೋಳದ ರೈತನು ಕೈಯಲ್ಲಿ ಹಿಡಿಯುವ ಗಣಕೀಕೃತ ಪಹಣಿಯ ಅಕ್ಷರವು ಒಮ್ಮೆಲೇ ಆಕಾಶದಿಂದ ಉದುರಿದುದಲ್ಲ. ಅದರ ವಂಶವೃಕ್ಷದಲ್ಲಿ ಈ ಹಳೆಯ ಹಲಗೆಗೂ ಒಂದು ಸ್ಥಾನವಿದೆ.

ವಿಂಡೋಸ್ ಬಂದ ಮೇಲೆ ಅಕ್ಷರ ಮೂಡಿಸುವ ಕೆಲಸವನ್ನು ಸಾಫ್ಟ್‌ವೇರೇ ವಹಿಸಿಕೊಂಡಿತು. ಕಾರ್ಡಿನ ಕೆಲಸ ಮುಗಿಯಿತು. ಹಳೆಯ ಯಂತ್ರಗಳು ಕಚೇರಿಗಳ ದಾಸ್ತಾನು ಕೋಣೆಯನ್ನು ಸೇರಿ, ಅಲ್ಲಿಂದ ಲಿಲಾವಿಗೆ, ಲಿಲಾವಿನಿಂದ ಗುಜರಿಗೆ ಹೋಗುವದು ಎಲ್ಲರೂ ಬಲ್ಲ ಮಾರ್ಗ. ಗುಜರಿಯವನಿಗೆ ಕನ್ನಡದ ಕಾರ್ಡೂ ಒಂದೇ, ಮುರಿದ ಪಂಖೆಯೂ ಒಂದೇ; ಎರಡನ್ನೂ ತಕ್ಕಡಿಗೆ ಹಾಕುವನು.

ಇಂತಹ ಕಾರ್ಡು ಕೆಟ್ಟಿತೆಂದು ಎಸೆಯುವದಕ್ಕೆ ಮುಂಚೆ ಅದರ ರೋಗವೇನೆಂದು ನೋಡತಕ್ಕದ್ದು. ಹಲವು ರೋಗಗಳು ತೀರ ಸಾಮಾನ್ಯವಾದವು. ಕಲಘಟಗಿಯ ಕಡೆಯ ಮಳೆಗಾಲದ ತೇವದಲ್ಲಿ ಕಾರ್ಡಿನ ಅಂಚಿನ ಲೋಹದ ಸಂಪರ್ಕಗಳು ಮಂಕಾಗುವವು. ನವಲಗುಂದದ ಎರೆಭೂಮಿಯ ಧೂಳು ಸಾಕೆಟ್ಟುಗಳ ಸಂದಿಯನ್ನು ಸೇರುವದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಅರಿವೆಯಿಂದ ಅಂಚನ್ನು ಒರೆಸಿ, ಸಾಕೆಟ್ಟಿನಲ್ಲಿಯ ಚಿಪ್‌ಗಳನ್ನು ಎತ್ತಿ ಮರಳಿ ಕೂಡಿಸಿದ ಮಾತ್ರಕ್ಕೆ ಜೀವ ಬರುವ ಕಾರ್ಡುಗಳುಂಟು. ಆದರೆ ಅವಸರದಿಂದ ವಿದ್ಯುತ್ತನ್ನು ಕೊಡಬಾರದು. ಆ ಕಾಲದ ಟ್ಯಾಂಟಲಮ್ ಕೆಪ್ಯಾಸಿಟರುಗಳು ವಯಸ್ಸಾದಂತೆ ಒಳಗೇ ಶಾರ್ಟ್ ಆಗುವ ಸ್ವಭಾವದವು. ಕೆಲವು ಹೊತ್ತಿ ಉರಿಯುವದೂ ಉಂಟು. ಮೊದಲು ಮಲ್ಟಿಮೀಟರಿನಿಂದ 5 ವೋಲ್ಟು ಹಾಗೂ 12 ವೋಲ್ಟುಗಳ ದಾರಿಗಳಿಗೂ ಗ್ರೌಂಡಿಗೂ ನಡುವಣ ರೋಧವನ್ನು ಅಳೆದು, ಶಾರ್ಟ್ ಆದುದನ್ನು ತೆಗೆದು ಹೊಸದನ್ನು ಬೆಸೆಯಬೇಕು. ಹಲಗೆಯ ಮೇಲಿನ ತಾಮ್ರದ ಗೆರೆ ತುಂಡಾಗಿದ್ದರೆ ಕೂದಲೆಳೆಯಂತಹ ತಂತಿಯಿಂದ ಅದನ್ನು ಜೋಡಿಸಬೇಕು.

ಪರದೆಯ ಮೇಲಣ ತಪ್ಪೇ ರೋಗದ ಹೆಸರನ್ನು ಹೇಳುವ ಪ್ರಸಂಗವೂ ಉಂಟು. ಇಸ್ಕಿಯಲ್ಲಿ ಖ ಅಕ್ಷರದ ಸಂಖ್ಯೆ 180, ಗ 181. ಮ 204, ಯ 205. ಈ ಸಂಖ್ಯೆಗಳನ್ನಿಡುವ ಸ್ಮೃತಿಯ ಕೊನೆಯ ಬಿಟ್ ಕೆಟ್ಟು 1 ಎಂಬಲ್ಲಿಯೇ ಸಿಕ್ಕಿಕೊಂಡರೆ, ಸಮಸಂಖ್ಯೆಗಳೆಲ್ಲ ಮುಂದಿನ ಬೆಸಸಂಖ್ಯೆಗಳಾಗುವವು; ಬೆಸಸಂಖ್ಯೆಗಳು ಇದ್ದಂತೆಯೇ ಇರುವವು. ಕೊಂಬಿನ ಸಂಖ್ಯೆ 221 ಆದುದರಿಂದ ಅದು ಕೆಡುವದಿಲ್ಲ. ಆಗ "ಮುಖ" ಎಂದು ಬೆರಳಚ್ಚಿಸಿದವನಿಗೆ ಪರದೆಯ ಮೇಲೆ "ಯುಗ" ಎಂದು ಕಾಣುವದು! ಅರಿಯದವನು ಯಂತ್ರಕ್ಕೆ ಭ್ರಮೆ ಹಿಡಿಯಿತೆನ್ನುವನು. ಅರಿತವನು, ಒಂದೊಂದು ಬಿಟ್ಟಿಗೆ ಒಂದೊಂದು ಚಿಪ್ ಇರುವ ಕಾರ್ಡಾಗಿದ್ದರೆ, ಕೆಟ್ಟ ಚಿಪ್ಪಿನ ಮೇಲೆ ನೇರವಾಗಿ ಬೆರಳಿಡುವನು.

ಎಲ್ಲಕ್ಕಿಂತ ತೀವ್ರವಾದ ಅಪಾಯ ಬೇರೆಡೆಗಿದೆ. ಅಕ್ಷರರೂಪಗಳನ್ನೂ ಆಜ್ಞೆಗಳನ್ನೂ ಇಪ್ರಾಮ್ ಎಂಬ ಚಿಪ್ಪಿನಲ್ಲಿ ಇಡುವದು ಆ ಕಾಲದ ಕಾರ್ಡುಗಳಲ್ಲಿ ಸಾಮಾನ್ಯವಾಗಿತ್ತು. ಇಪ್ರಾಮು ತನ್ನೊಳಗೆ ಹಿಡಿದಿಟ್ಟ ವಿದ್ಯುದಂಶದಿಂದ ನೆನಪನ್ನು ಕಾಯುವದು. ದಶಕಗಳು ಕಳೆದಂತೆ ಆ ಅಂಶವು ಸೋರುತ್ತ ಹೋಗುವದು. ಅದರ ಗಾಜಿನ ಕಿಟಕಿಗೆ ಅಂಟಿಸಿದ ಕಾಗದ ಕಿತ್ತು ಬಿಸಿಲು ಬಿದ್ದರೆ ಇನ್ನೂ ಬೇಗ ಅಳಿಸುವದು. ಅಳಿಸಿದ ಬರಹವನ್ನು ಯಾವ ಬೆಸುಗೆಯೂ ಮರಳಿ ತರಲಾರದು. ಅಳಿಯುವ ಮುಂಚೆ ಓದಿ ಪ್ರತಿ ಮಾಡಿಟ್ಟರೆ ಮಾತ್ರ ಹೊಸ ಚಿಪ್ಪಿನಲ್ಲಿ ಬರೆಯಬಹುದು. ಹಾಗೆಯೇ 74 ಶ್ರೇಣಿಯ ಸಾಮಾನ್ಯ ಚಿಪ್‌ಗಳು ಇಂದಿಗೂ ಪೇಟೆಯಲ್ಲಿ ಸಿಗುವವು. ಒಂದು ಕಾರ್ಡಿಗೆಂದೇ ಮಾಡಿದ ವಿಶೇಷ ಚಿಪ್ ಸುಟ್ಟರೆ ಅದನ್ನು ಮತ್ತೊಂದು ಕೆಟ್ಟ ಕಾರ್ಡಿನಿಂದಲೇ ತರಬೇಕು. ಎರಡು ಕೆಟ್ಟ ಕಾರ್ಡುಗಳು ಸೇರಿ ಒಂದು ನಡೆಯುವ ಕಾರ್ಡಾಗಬಹುದು. ಆದುದರಿಂದ ಕೆಟ್ಟುದೂ ಗುಜರಿಗೆ ಹೋಗತಕ್ಕದ್ದಲ್ಲ.

ಇಸ್ಕಿಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿರುವಾಗ ಈ ಹಳೆಯ ಹಲಗೆಯ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಬರಹವು ಪರಿವರ್ತನೆಯಿಂದ ಉಳಿಯುವದು, ನಿಜ. ಆದರೆ ಆ ಕಾರ್ಡನ್ನೇ ನಂಬಿದ ಪ್ರೋಗ್ರಾಮು ಹೇಗೆ ನಡೆಯುತ್ತಿತ್ತು, ರೋಮನ್ ಲಿಪಿಗಾಗಿ ಮಾಡಿದ ಮನೆಗಳಲ್ಲಿ ನಮ್ಮ ಒತ್ತಕ್ಷರವನ್ನು ಯಾವ ಉಪಾಯದಿಂದ ಕೂಡಿಸಿದರು ಎಂಬದು ಪರಿವರ್ತಿತ ಬರಹದಲ್ಲಿ ಉಳಿಯುವದಿಲ್ಲ. ಶಾಸನದ ಪಾಠವು ಅಚ್ಚಾಗಿದೆಯೆಂದು ಕಲ್ಲನ್ನು ಗಟಾರಕ್ಕೆ ಹಾಸುವವರನ್ನು ನಾವು ಮೆಚ್ಚುವೆವೇ?

ಮಾಡಬೇಕಾದುದು ದೊಡ್ಡ ಖರ್ಚಿನ ಕೆಲಸವಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಚೇರಿಗಳೂ ಸಹಕಾರಿ ಸಂಘಗಳೂ ಮುದ್ರಣಾಲಯಗಳೂ ಹಳೆಯ ಯಂತ್ರವನ್ನು ನಿರುಪಯುಕ್ತವೆಂದು ಬರೆಯುವ ಮುಂಚೆ ಒಮ್ಮೆ ಅದರ ಮುಚ್ಚಳ ತೆಗೆದು ನೋಡಲಿ. ಜಿಸ್ಟ್ ಹೆಸರಿನ ಕಾರ್ಡಾಗಲಿ, ಅದರ ಕೈಪಿಡಿಯಾಗಲಿ, ಫ್ಲಾಪಿಯಾಗಲಿ ಕಂಡರೆ ಬೇರೆ ತೆಗೆದಿಡಲಿ. 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯು ನಾಡಿನ ಹಳೆಯ ಬರಹಗಳ ಅಭ್ಯಾಸಕ್ಕೆ ಮೀಸಲಾದುದು. ಕನ್ನಡದ ಈ ಹೊಸ ಪ್ರಾಚೀನ ವಸ್ತುವಿಗೂ ಅಂತಹ ಆಶ್ರಯ ದೊರೆಯುವದು ಉಚಿತ. ಇಪ್ರಾಮುಗಳನ್ನು ಓದಿ ಪ್ರತಿ ಮಾಡುವದು 2016ರಲ್ಲಿ ಆರಂಭವಾದ ಧಾರವಾಡದ ಐಐಟಿಯಂತಹ ಸಂಸ್ಥೆಗೆ ಕಷ್ಟದ ಮಾತಲ್ಲ.

ಇದರಲ್ಲಿ ನಮ್ಮ ತರುಣರ ಹಿತವೂ ಇದೆ. ಕೇಂದ್ರ ಸರಕಾರವು 2022ರಲ್ಲಿ ದುರಸ್ತಿಯ ಹಕ್ಕಿನ ವಿಚಾರಕ್ಕಾಗಿ ಸಮಿತಿಯನ್ನು ನೇಮಿಸಿತು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಹಕ್ಕು ಕಾಗದದ ಮೇಲೆ ಬಂದ ಮಾತ್ರಕ್ಕೆ ವಸ್ತು ದುರಸ್ತಿಯಾಗದು. ಬೆಸುಗೆಕಡ್ಡಿ ಹಿಡಿಯಬಲ್ಲ ಕೈ ಬೇಕು. ಚಕ್ಕಡಿಯ ಗಾಲಿಯನ್ನೂ ಕುಂಟೆಯ ಕುಡವನ್ನೂ ಸರಿಪಡಿಸಿ ಆಯ ಪಡೆಯುತ್ತಿದ್ದ ಬಡಿಗ ಕಂಬಾರರ ಹಳ್ಳಿಗಳಲ್ಲಿ ಅಂತಹ ಕೈಗಳಿಗೆ ಬರವಿಲ್ಲ. ಹಳೆಯ ಕಾರ್ಡಿನಲ್ಲಿ ದಾರಿಗಳು ಕಣ್ಣಿಗೆ ಕಾಣುವವು, ಚಿಪ್‌ಗಳು ಬೆರಳಿಗೆ ಸಿಗುವವು. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಟಿಯಿಲ್ಲ. ತಾಲೂಕುಗಳ ಕೈಗಾರಿಕಾ ತರಬೇತಿ ಸಂಸ್ಥೆಗಳು ಇದನ್ನು ಕೈಗೆತ್ತಿಕೊಳ್ಳಲಿ.

ಇಪ್ರಾಮಿನಲ್ಲಿಯ ವಿದ್ಯುದಂಶವು ಯಾವ ಕಚೇರಿಯ ಮಂಜೂರಾತಿಗೂ ಕಾಯುವದಿಲ್ಲ. ಆದುದರಿಂದ ಅಧಿಕಾರಿಗಳು ಮುಂದಿನ ದಾಸ್ತಾನು ತಪಾಸಣೆಯಲ್ಲಿಯೇ, ಲಿಲಾವಿನ ಪಟ್ಟಿಗೆ ಸಹಿ ಮಾಡುವ ಮುಂಚೆ, ಈ ಕಾರ್ಡುಗಳನ್ನು ಹುಡುಕಿಸಿ ಬೇರೆ ತೆಗೆಸಿಡಬೇಕೆಂದು ಬಿನ್ನವಿಸುತ್ತೇವೆ.