ಮೊಬೈಲ್ ಡಿಗ್ರಿ: ಮಗಳನ್ನು ಮನೇಲಿ ಕೂರಿಸೋಕಲ್ಲ

"ಇನ್ನು ಕಾಲೇಜಿಗೆ ಹೋಗೋದೇ ಬೇಡ, ಮೊಬೈಲಲ್ಲೇ ಡಿಗ್ರಿ ಆಯ್ತದಂತೆ." ನಮ್ಮ ಕಳಲೆ ಕಡೆ ಈಗ ಈ ಮಾತು ಕೇಳಿಬರ್ತಿದೆ. ಮಾತು ಸುಳ್ಳಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮದ ಪ್ರಕಾರ, ಮಾನ್ಯತೆ ಇರುವ ಆನ್‌ಲೈನ್ ಪದವಿ ಕಾಲೇಜಿನ ಪದವಿಗೆ ಸಮ.

ಮನೇಲಿದ್ದು ಓದೋದು ನಮ್ಮ ಜಿಲ್ಲೆಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡ್ತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯ್ತು. ಕೆಲಸ ಬಿಡಲಾಗದವರು, ಮದುವೆಯಾದ ಹೆಣ್ಮಕ್ಕಳು ಇದರಿಂದ ಪದವೀಧರರಾದರು.

ಆದರೆ ರೈತರು ಎರಡು ವಿಚಾರ ನೆನಪಿಡಬೇಕು. ಒಂದು, ಮಾನ್ಯತೆ. ಮುಕ್ತ ವಿ.ವಿ.ಗೆ 2012-13ರ ನಂತರ ಮಾನ್ಯತೆ ಇಲ್ಲ ಅಂತ 2015ರಲ್ಲಿ ಯುಜಿಸಿ ಹೇಳಿಬಿಡ್ತು. ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಫೀಸು ಕಟ್ಟಿದವರು ಪೇಚಿಗೆ ಸಿಕ್ಕರು. ಬಿತ್ತನೆ ಬೀಜದ ಚೀಟಿ ನೋಡೋ ಹಾಗೆ, ಆ ವರ್ಷ ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿ ಪಟ್ಟೀಲಿ ನೋಡಿಯೇ ದುಡ್ಡು ಕಟ್ಟಿ. ಕೃಷಿ, ವೈದ್ಯ, ಇಂಜಿನಿಯರಿಂಗ್ ಪದವಿಗೆ ಈ ದಾರಿ ಇಲ್ಲ.

ಎರಡು, ಹೆಣ್ಮಕ್ಕಳು. ಮಗ ಮೈಸೂರು ಬಸ್ಸು ಹತ್ತುತ್ತಾನೆ. ಮಗಳಿಗೆ "ಮನೇಲೇ ಓದ್ಕೊ" ಅಂತೀವಿ. ಹಾಲು ಕರೆದು, ಕಳೆ ಕಿತ್ತು, ಮನೆಯ ಒಂದೇ ಫೋನು ಬಿಡುವಾದಾಗ ಅವಳ ಪಾಠ. ಗೆಳತಿಯರು, ಲೈಬ್ರರಿ, ನಾಕು ಜನರ ಮುಂದೆ ಎದ್ದುನಿಂತು ಕೇಳೋ ಧೈರ್ಯ ಫೋನಲ್ಲಿ ಬರಲ್ಲ. 2023ರ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿಗೆ ಅವಳು ದುಡ್ಡು ಕೊಡಬೇಕಾಗಿಲ್ಲ. ಆದ್ರೂ ನಾವು ಕಳಿಸದೇ ಹೋದ್ರೆ, ಹೊತ್ತಿಗೆ ಸರಿಯಾಗಿ ಬಸ್ಸು ಬಿಡಿ, ಹಾಸ್ಟೆಲ್ ಕಟ್ಟಿ ಅಂತ ಸರ್ಕಾರವನ್ನ ಕೇಳೋರೂ ಇರಲ್ಲ.

ಕಾಲೇಜು ತಪ್ಪಿದವರಿಗೆ ಆನ್‌ಲೈನ್ ಇರಲಿ. ಪಿಯುಸಿ ಮುಗಿಸಿದ ಮಗಳನ್ನು ಮೊದಲು ಕಾಲೇಜಿಗೆ ಸೇರಿಸಿ.