ಕಾಲರಾ: ತಡೆಯಬಹುದಾಗಿದ್ದ ಸಾವು
ಕಾಲರಾ ಗತಕಾಲದ ಪಿಡುಗೆಂದು ನಾವು ಭಾವಿಸಿದ್ದೇವೆ. ಆದರೆ ಆಫ್ರಿಕಾದ ಮಲಾವಿಯಲ್ಲಿ 2022ರ ಮಾರ್ಚ್‌ನಲ್ಲಿ ತಲೆದೋರಿದ ಈ ವ್ಯಾಧಿ ದೇಶದ ಎಲ್ಲ ಜಿಲ್ಲೆಗಳಿಗೂ ಹಬ್ಬಿ 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ನೂರು ರೋಗಿಗಳಲ್ಲಿ ಒಬ್ಬರೂ ಸಾಯಬೇಕಿಲ್ಲ. ಅಲ್ಲಿ ನೂರಕ್ಕೆ ಸುಮಾರು ಮೂವರಂತೆ ಸತ್ತರು. ವಾಂತಿಭೇದಿಯಿಂದ ದೇಹದ ನೀರು ಬತ್ತಿ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಆಸ್ಪತ್ರೆ ದೂರವಿರುವ ಹಳ್ಳಿಗೆ ವಿಳಂಬವೇ ಮೃತ್ಯು.

ಆದುದರಿಂದ ತನಿಖೆ ಮನೆಬಾಗಿಲಿನಲ್ಲೇ ಆರಂಭವಾಗುತ್ತದೆ: ಬೇನೆ ಮೊದಲು ಯಾರಿಗೆ ಬಂತು, ಅವರು ಕುಡಿದದ್ದು ಯಾವ ಬಾವಿಯ ನೀರು? ಪ್ರಯೋಗಾಲಯದ ಉತ್ತರಕ್ಕೆ ಕಾಯದೆ ಓಆರ್‌ಎಸ್ ಪೊಟ್ಟಣ, ಕ್ಲೋರಿನ್ ಬೆರೆಸಿದ ನೀರು ಊರು ತಲುಪಬೇಕು. ಲಸಿಕೆಯೂ ಉಂಟು, ಆದರೆ ಶುದ್ಧ ನೀರು, ಶೌಚಾಲಯಗಳಿಲ್ಲದೆ ಅದರ ರಕ್ಷೆ ತಾತ್ಕಾಲಿಕ. ತಡೆಯಬಹುದಾದ ಸಾವನ್ನು ನಾವು ವಿಧಿಯೆನ್ನಲಾಗದು.